ಅಂಚಿನ ಹೊಳಪು

ನಾನು ಒಂದು ಹರಿಗೋಲು. ತುಂಗಭದ್ರೆಯ ದಂಡೆಯಲ್ಲಿ ಹಸಿ ಬಿದಿರಿನ ಸೀಳುಗಳನ್ನು ಮೊಣಕಾಲಿನಿಂದ ಒತ್ತಿ ಬಗ್ಗಿಸಿ, ಅಂಬಿಗರ ಗಾಳೆಪ್ಪ ನನ್ನನ್ನು ಹೆಣೆದ. ಮೊದಲು ನನಗೆ ಚೀಲದ ಬಟ್ಟೆಯ ಮೈ, ಅದರ ಮೇಲೆ ಟಾರು. ಟಾರನ್ನು ಕುದಿಸಿ ತೆಳ್ಳಗಾಗಿಸಿದಷ್ಟೂ ಬಟ್ಟೆ ಚೆನ್ನಾಗಿ ಕುಡಿಯುತ್ತಿತ್ತು. ಆರಿದೊಡನೆ ಇದ್ದಲ್ಲೇ ಬಿಗಿಯುತ್ತಿತ್ತು. ಗಾಳೆಪ್ಪ ಕಲಿತ ವಿದ್ಯೆ ಅದು.

ಗಂಡನ ಮನೆ ಬಿಟ್ಟು ಬಂದ ಅವನ ಮಗಳು ಹುಲಿಗೆಮ್ಮ ಹೊಳೆಯ ನಡುಗಡ್ಡೆಯಲ್ಲಿ ಆಡು ಮೇಯಿಸತೊಡಗಿದಳು. ತನ್ನದು ಎಂದು ಹೇಳಿಕೊಳ್ಳಲು ಅವಳಿಗೆ ಆ ನಾಲ್ಕಾರು ಆಡುಗಳ ಹೊರತು ಏನೂ ಇರಲಿಲ್ಲ. ದಿನವೂ ಅವಳನ್ನೂ ಆಡುಗಳನ್ನೂ ದಾಟಿಸಿ ದಾಟಿಸಿ ನನ್ನ ಬಟ್ಟೆ ಹರಿಯಿತು. ಫೈಬರ್ ಗ್ಲಾಸಿನ ಬಟ್ಟೆ ಹೊದಿಸಿ ರಾಳ ಬಳಿಯಬೇಕೆಂದು ಗಾಳೆಪ್ಪ ನನ್ನನ್ನು ಟ್ರಾಕ್ಟರಿನಲ್ಲಿ ಹೇರಿ ಪೇಟೆಯ ಅಂಗಡಿಯ ಮುಂದೆ ಇಳಿಸಿದ.

ಅಂಗಡಿಯವ ಎರಡು ರಾಳದ ಡಬ್ಬಿ ತಂದಿಟ್ಟ. "ಈ ದಪ್ಪಂದು ದೋಣಿಗೆ ಬಳಿಯೋದು. ತೆಳ್ಳಂದು ಅಚ್ಚಿನಾಗ ಸುರಿಯೋದು, ಮೂರ್ತಿ ಮಾಡೋರು ಒಯ್ತಾರ."

ಗಾಳೆಪ್ಪ ಎರಡನ್ನೂ ಓರೆ ಮಾಡಿ ನೋಡಿದ. "ತೆಳ್ಳಂದಾ ಕೊಡ್ರಿ. ಬಟ್ಟಿ ಕುಡೀಬೇಕಲ್ಲ."

"ಯಜಮಾನ, ಅದು ನಿಲ್ಲಂಗಿಲ್ಲ."

"ಟಾರು ನಿಲ್ಲಿಸಿದ ಕೈರೀ ಇದು," ಎಂದು ಅವನು ನಕ್ಕ.

ದಂಡೆಯಲ್ಲಿ ನನ್ನನ್ನು ಬೋರಲು ಹಾಕಿ, ಗಾಜಿನೆಳೆಯ ಆ ಬಿಳಿ ಬಟ್ಟೆ ಹೊದಿಸಿ, ರಾಳ ಬಳಿದ. ಬಟ್ಟೆ ಗಟಗಟ ಕುಡಿಯಿತು. ಗಾಳೆಪ್ಪ ಹಿಗ್ಗಿದ. ಅವನು ಮನೆಗೆ ಹೋದ ಮೇಲೆ, ಇನ್ನೂ ಬಿಗಿಯದ ರಾಳ ಮೆಲ್ಲಗೆ ಇಳಿಯತೊಡಗಿತು. ನನ್ನ ತಳದಿಂದ ಜಾರಿ ಪಕ್ಕೆಗೆ, ಪಕ್ಕೆಯಿಂದ ಅಂಚಿಗೆ. ಕೂಗಿ ಹೇಳಲು ನನಗೆ ಬಾಯಿಲ್ಲ. ಬೆಳಗಾದಾಗ ಅಂಚು ಗಾಜಿನಂತೆ ಹೊಳೆಯುತ್ತಿತ್ತು. ತಳದಲ್ಲಿ ಬಿಳಿ ಎಳೆಗಳು ಒಣಗಿ ನಿಂತಿದ್ದವು.

ಹುಲಿಗೆಮ್ಮ ತಳವನ್ನು ಮುಟ್ಟಿ ನೋಡಿದಳು. "ಯಪ್ಪಾ, ಇಲ್ಲಿ ಬರೇ ಬಟ್ಟಿ ಐತಿ. ಆ ದಪ್ಪಂದು ತಂದು ಬಳಿ."

"ನೋಡೂಣು ಬಿಡಬೇ."

ಮೇಲೆ ಟಾರು ಹಚ್ಚಿದ. ಅದು ಸಿಪ್ಪೆಯಂತೆ ಎದ್ದುಹೋಯಿತು. ನೀರು ಜಿನುಗಿದರೆ ಡಬ್ಬಿಯಲ್ಲಿ ಗೋರಿ ಚೆಲ್ಲುತ್ತ ದಿನ ಕಳೆದೆವು.

ಒಂದು ಮಧ್ಯಾಹ್ನ ಹೊಳೆ ಏರಿತು. ಹುಲಿಗೆಮ್ಮ ನಡುಗಡ್ಡೆಯಲ್ಲಿದ್ದಳು. ಗಾಳೆಪ್ಪ ನನ್ನನ್ನು ಸೆಳವಿಗೆ ಹಾಕಿದ. ನನ್ನ ತಳ ಬಿರಿಯಿತು. ನಡುಗಡ್ಡೆ ಮುಟ್ಟುವಾಗ ನೀರು ಅವನ ಮೊಣಕಾಲಿಗೆ ಬಂದಿತ್ತು. ಹುಲಿಗೆಮ್ಮ ನನ್ನೊಳಗೆ ಇಣುಕಿದಳು, ಆಡುಗಳನ್ನು ನೋಡಿದಳು. ನನ್ನನ್ನು ಮಗುಚಿ ನೀರು ಚೆಲ್ಲಿದರು. ಅವಳು ಹೊದ್ದಿದ್ದ ಕಂಬಳಿಯನ್ನು ಮಡಚಿ ಬಿರುಕಿನ ಮೇಲೆ ಹಾಸಿದಳು.

"ಇದರ ಮ್ಯಾಲ ಕುಂದ್ರು. ಏಳಬ್ಯಾಡ. ಹುಟ್ಟು ನಂಗ ಕೊಡು."

"ಆಡು?"

"ಕುಂದ್ರಪ್ಪಾ!"

ಆಡುಗಳನ್ನು ನಡುಗಡ್ಡೆಯಲ್ಲೇ ಬಿಟ್ಟು ಹೊರಟೆವು. ಕೆಂಚಿ ಎಂಬ ಗಬ್ಬದ ಆಡು ನೀರಿಗೆ ಬಿದ್ದು ನಮ್ಮ ಹಿಂದೆ ಈಜಿತು. ಹತ್ತಿರ ಬಂದು ಮುಂಗಾಲೆರಡನ್ನು ನನ್ನ ಅಂಚಿನ ಮೇಲಿಟ್ಟಿತು. ಗೊರಸು ಜಾರಿತು. ಮತ್ತೆ ಇಟ್ಟಿತು. ಮತ್ತೆ ಜಾರಿತು. ಗಾಳೆಪ್ಪ ಕುಳಿತಲ್ಲಿಂದಲೇ ಕೈ ಚಾಚಿದ, ಎಟುಕಲಿಲ್ಲ. ಎದ್ದರೆ ಮಗಳು ಮುಳುಗುತ್ತಾಳೆ. ಹುಲಿಗೆಮ್ಮ ತಿರುಗಿ ನೋಡದೆ ಹುಟ್ಟು ಹಾಕಿದಳು. ಮೂರನೆಯ ಸಲ ಗೊರಸಿನ ಸದ್ದು ಕೇಳಲಿಲ್ಲ.

ಈಗ ನಾನು ದಂಡೆಯಲ್ಲಿ ಬೋರಲು ಬಿದ್ದಿದ್ದೇನೆ. ದಾರಿಹೋಕರು ನನ್ನ ಅಂಚು ಸವರಿ, "ಏನು ನುಣುಪು ಮಾಡ್ಯಾನಪಾ!" ಎನ್ನುತ್ತಾರೆ. ಗಾಳೆಪ್ಪ ಮುಖ ತಿರುಗಿಸುತ್ತಾನೆ. ನಾನಿನ್ನು ನೀರಿಗಿಳಿಯುವವನಲ್ಲ, ಅದು ಹುಲಿಗೆಮ್ಮನಿಗೂ ಗೊತ್ತು. ಆದರೂ ಸಂಜೆ ಬಂದು ಕೂರುತ್ತಾಳೆ, ಹೊಳೆಯ ಕಲ್ಲೊಂದನ್ನು ಹಿಡಿದು, ಕೆಂಚಿಯ ಗೊರಸು ಜಾರಿದ ನನ್ನ ಅಂಚನ್ನು ಉಜ್ಜುತ್ತಾಳೆ. ಒಂದು ಗೇಣಿನಷ್ಟು ಒರಟಾಗಿದೆ. ಉಳಿದದ್ದು ಇನ್ನೂ ಹೊಳೆಯುತ್ತಿದೆ.