ಬಂದಂಗೆ ಹಾಕಿದ್ದು

"ಇನ್ನೊಂದ್ಸಲ ನೋಡವ್ವ, ಬ್ಯಾರೆ ಎಲ್ಲಾದ್ರೂ ಸೇರ್ಕೊಂಡಿರ್ಬೋದು," ಎಂದರು ರಂಗಸ್ವಾಮಿ ಮೇಷ್ಟ್ರು.

ಪ್ರಮೀಳಾ ಮತ್ತೆ ಹುಡುಕಿದಳು. ಬಿಂಡಿಗನವಿಲೆ ಗ್ರಂಥಾಲಯದ ಕಿಟಕಿ ಪಕ್ಕದ ಈ ಕಂಪ್ಯೂಟರಿನ ಮುಂದೆ ಮೇಷ್ಟ್ರು ವಾರವೆಲ್ಲ ಕೂತು, ಒಂದೊಂದೇ ಅಕ್ಷರ ಒತ್ತಿ ಕಟ್ಟಿದ ಸುಭದ್ರೆಯ ದೃಶ್ಯ ಎಲ್ಲೂ ಇರಲಿಲ್ಲ.

ಅವರು ಶಾಲೆಯ ಮೇಷ್ಟ್ರಲ್ಲ, ನಾಟಕದ ಮೇಷ್ಟ್ರು. ಸುತ್ತಿನ ಹಳ್ಳಿಗಳ ಗಂಡಸರಿಗೆಲ್ಲ ಹಾರ್ಮೋನಿಯಂ ಬಾರಿಸಿಕೊಂಡು ಭೀಮ, ಶಕುನಿ ಪಾತ್ರ ಕಲಿಸಿದ್ದರು. ಲಕ್ವ ಹೊಡೆದ ಮೇಲೆ ಬಲಗೈ ನಡುಗತೊಡಗಿತು. ಬರೆದದ್ದು ಅವರಿಗೇ ಓದಲು ಬರುತ್ತಿರಲಿಲ್ಲ. ಈ ಸಲ ಊರಿನ ಹೆಂಗಸರು ನಾಟಕ ಕಟ್ಟುತ್ತೇವೆ ಎಂದು ಹೊರಟಾಗ ಮೇಷ್ಟ್ರಿಗೆ ಆ ಹೆಂಗಸರಿಗಾಗಿ ಹೊಸ ಮಾತು ಬರೆಯುವ ಹುರುಪು ಬಂದಿತ್ತು. ಗ್ರಂಥಾಲಯ ನೋಡಿಕೊಳ್ಳುವ ಪ್ರಮೀಳಾಳೇ "ಟೈಪ್ ಮಾಡಿ ಮೇಷ್ಟ್ರೇ, ನಡುಗಿದ್ರೂ ಅಕ್ಷರ ನೆಟ್ಟಗೆ ಬರುತ್ತೆ" ಎಂದು ಕರೆದು ಕೂರಿಸಿದ್ದಳು.

ದಿನಾ ಸಂಜೆ ಅವಳು ಪರದೆ ಮಾತ್ರ ಆರಿಸಿ ಹೋಗುತ್ತಿದ್ದಳು. ನಿನ್ನೆ ಗುಡುಗು ಜೋರಾಗಿದ್ದರಿಂದ ಮೊದಲ ಸಲ ಕಂಪ್ಯೂಟರನ್ನೇ ಪೂರ್ತಿ ಮುಚ್ಚಿದಳು. ಸಾಸಿವೆಯಂಥ ಇಂಗ್ಲಿಷ್ ಅಕ್ಷರಗಳಲ್ಲಿ ಏನೋ ಬಂತು. ಅದರ ಕೆಳಗೆ ಸರಿ ಎನ್ನುವ ಗುಂಡಿ ಆಗಲೇ ಬೆಳಗುತ್ತಿತ್ತು. ಒತ್ತಿದಳು.

ಅವಳು ನಾಗಾರ್ಜುನನಿಗೆ ಫೋನು ಮಾಡಿದಳು. ತಾಲ್ಲೂಕಿನ ಗ್ರಂಥಾಲಯಗಳಿಗೆಲ್ಲ ಹಳೆಯ ಕಂಪ್ಯೂಟರು ತಂದು, ಹಳೆಯ ಯಂತ್ರಕ್ಕೂ ಭಾರವಾಗದ ಹಗುರವಾದ ಲಿನಕ್ಸು ಎಂಬ ತಂತ್ರಾಂಶ ತುಂಬಿ ಕೊಟ್ಟವನು ಅವನು.

"ಅದು ಸಾರ್ವಜನಿಕರ ಖಾತೆ ಮೇಡಂ. ಮುಚ್ಚಿದ ತಕ್ಷಣ ಒಳಗಿರೋದೆಲ್ಲ ಅಳಿಸಿಹೋಗುತ್ತೆ. ಮುಂಚೇನೇ ಕೇಳುತ್ತಲ್ಲ, ಅಳಿಸ್ಲಾ ಅಂತ."

"ಇಂಗ್ಲಿಷಲ್ಲಿ ಕೇಳುತ್ತೆ. ಅಳಿಸೋ ಹಾಗೆ ಮಾಡಿದ್ದು ಯಾರು?"

"ಯಾರೂ ಮಾಡಿದ್ದಲ್ಲ ಮೇಡಂ. ಡೀಫಾಲ್ಟು. ಬಂದಂಗೆ ಹಾಕಿದ್ದೀನಿ."

ವಾಪಸ್ ತರಲು ಆಗುವುದಿಲ್ಲ ಎಂದೂ ಅವನು ಹೇಳಿದ. ಫೋನಿಟ್ಟು ತಿರುಗಿದಾಗ ಮೇಷ್ಟ್ರು ಎದ್ದು ನಿಂತಿದ್ದರು. "ನಾನೇ ಒತ್ತಿದ್ದು ಮೇಷ್ಟ್ರೇ," ಎಂದಳು ಪ್ರಮೀಳಾ.

"ಬುಡವ್ವ. ನಿಂದೇನಿದೆ? ನನ್ನಂಥೋನ್ಗೆ ಮಾಡಿದ್ದಲ್ಲ ಅದು. ವಾರದಿಂದ ಅದ್ನೇ ಯೋಳ್ತಾ ಇತ್ತು, ನಂಗೇ ಕೇಳಿಸ್ಲಿಲ್ಲ."

ಅವರು ಟವೆಲು ಹೆಗಲಿಗೆ ಹಾಕಿಕೊಂಡು ಹೋದರು. ಅವರು ಒಂದು ಮಾತು ಬೈದಿದ್ದರೂ ಅವಳಿಗೆ ಹಗುರವಾಗುತ್ತಿತ್ತು.

ಆ ವಾರವೇ ನಾಗಮಂಗಲದಲ್ಲಿ ಗ್ರಂಥಾಲಯದವರ ಸಭೆ ನಡೆಯಿತು. ಅಧಿಕಾರಿ ಎಲ್ಲರ ಮುಂದೆ, "ಬಿಂಡಿಗನವಿಲೆ ಕಂಪ್ಯೂಟರನ್ನ ಬೆಳ್ಳೂರಿಗೆ ಕಳಿಸಿಬಿಡೋಣ. ಬಿಂಡಿಗನವಿಲೆ ಜನಕ್ಕೆ ಆಸಕ್ತಿ ಇಲ್ಲ," ಎಂದರು. ಪಕ್ಕದಲ್ಲಿ ಕೂತಿದ್ದ ನಾಗಾರ್ಜುನ ತಲೆಯಾಡಿಸಿದ.

ಪ್ರಮೀಳಾ ಎದ್ದು ನಿಂತಳು. ಮಾತಾಡುವ ಯೋಚನೆ ಮಾಡಿಕೊಂಡು ಬಂದಿರಲಿಲ್ಲ.

"ಆಸಕ್ತಿ ಇಲ್ಲ ಅನ್ಬೇಡಿ ಸಾರ್. ಕೈ ನಡುಗೋ ಮನುಷ್ಯ ಒಬ್ರು ವಾರವೆಲ್ಲ ಕೂತ್ರು. ಬರೆದಿಟ್ಟಿದ್ದನ್ನ ತೆರೀಬೇಕಾದ್ರೆ ಅದರ ಚಿತ್ರದ ಮೇಲೆ ಟಕಟಕ ಅಂತ ಎರಡು ಸಲ ಒತ್ಬೇಕು, ನಿಧಾನಕ್ಕೆ ಒತ್ತಿದ್ರೆ ಅದು ಬೇರೇನೋ ಅನ್ಕೊಳ್ಳುತ್ತೆ. ಪರದೆ ಮೇಲಿನ ಕಿಟಕಿ ದೊಡ್ಡದು ಮಾಡೋಣ ಅಂದ್ರೆ ಅಂಚು ಕೂದಲೆಳೆಯಷ್ಟು, ಹಿಡಿಯೋಕೇ ಸಿಗಲ್ಲ. ಕನ್ನಡ ಬರ್ಬೇಕಂದ್ರೆ ಯಾವ್ದೋ ಮೂರು ಗುಂಡಿ ಒಟ್ಟಿಗೆ ಅದುಮ್ಬೇಕು, ಅವರ ಬಲಗೈ ಒಂದು ಕಡೆ ನಿಲ್ಲಲ್ಲ. ಮುಂದಿನ ಮಾತು ಏನು ಅಂತ ಒಂದು ಗಳಿಗೆ ಯೋಚ್ನೆ ಮಾಡಿದ್ರೆ ಪರದೆ ಕಪ್ಪಾಗಿ ಪಾಸ್‌ವರ್ಡ್ ಕೇಳುತ್ತೆ. ನಾನು ಊಟಕ್ಕೆ ಹೋಗಿದ್ರೆ ವಾಪಸ್ ಬರೋ ತನಕ ಅವರು ಗೋಡೆ ನೋಡ್ತಾ ಕೂರ್ಬೇಕು. ಇಷ್ಟೆಲ್ಲ ದಾಟಿ ಬರೆದ್ರೆ, ಕೊನೆಗೆ ಬರೆದಿದ್ದೇ ಇಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. "ಎಲ್ಲದಕ್ಕೂ ಸೆಟ್ಟಿಂಗ್ ಇದೆ ಮೇಡಂ," ಎಂದ ನಾಗಾರ್ಜುನ. "ಬೇಕಾದಂಗೆ ಬದಲಾಯಿಸ್ಕೋಬೋದು."

"ಬದಲಾಯಿಸೋಕೆ ಗೊತ್ತಿರೋರಿಗೆ ಅದು ಹೆಂಗಿದ್ರೂ ನಡೆಯುತ್ತೆ. ಗೊತ್ತಿಲ್ದೋರೇ ಅಲ್ವಾ ಬಂದಂಗೆ ಬಳಸೋರು? ನೀವು ಹಾಕಿದ ಮೇಲೆ ಒಂದು ದಿನ ಬಂದು, ಅದನ್ನ ಬಳಸೋರ ಪಕ್ಕದಲ್ಲಿ ಕೂತಿದ್ದೀರಾ?"

ಈಗ ಯಾರೂ ನಗಲಿಲ್ಲ. ಅಧಿಕಾರಿ ಗಡಿಯಾರ ನೋಡಿಕೊಂಡು, "ಸರಿಯಪ್ಪ, ನೀನೊಂದ್ಸಲ ಹೋಗಿ ನೋಡ್ಕೊಂಡು ಬಾ. ಆಮೇಲೆ ಕಳಿಸೋದರ ಬಗ್ಗೆ ಯೋಚನೆ ಮಾಡೋಣ," ಎಂದು ಬೇರೆ ವಿಷಯಕ್ಕೆ ಹೋದರು.

ನಾಗಾರ್ಜುನ ಬರುವ ದಿನ ಬೆಳಿಗ್ಗೆ ಪ್ರಮೀಳಾ ಮೇಷ್ಟ್ರನ್ನು ಕರೆಯಲು ಅವರ ಮನೆಗೆ ಹೋದಳು. ಜಗಲಿಯ ಮೇಲೆ, ಸುಭದ್ರೆಯ ಪಾತ್ರ ಮಾಡುವ ಪುಟ್ಟತಾಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಡೈರಿಗೆ ಹಾಲು ಹಾಕಿ ನೇರವಾಗಿ ಬಂದಿದ್ದಳು. ಪಕ್ಕದಲ್ಲಿ ಖಾಲಿ ಕ್ಯಾನಿತ್ತು.

"ನಾನು ಬರಕ್ಕಿಲ್ಲ," ಎಂದರು ಮೇಷ್ಟ್ರು. "ಅವನೇನು ನನ್ ಕೈ ನಡುಗೋದ ನೋಡೋಕೆ ಬತ್ತಾವ್ನಾ? ನಾಟ್ಕ ಆಡ್ಸಿದೋನು ನಾನು, ಇನ್ನೊಬ್ರಿಗೆ ನೋಟ ಆಗಕ್ಕಿಲ್ಲ."

ಆಗ ಪುಟ್ಟತಾಯಮ್ಮ, ಯಾರನ್ನೂ ನೋಡದೆ, ಅಳಿಸಿಹೋದ ದೃಶ್ಯದಿಂದ ಮೇಷ್ಟ್ರು ಬಾಯಲ್ಲಿ ಹೇಳಿಕೊಟ್ಟಿದ್ದ, ತನಗೆ ನೆನಪಿದ್ದ ಒಂದು ಮಾತನ್ನು ಹೇಳಿದಳು. ಅಭಿಮನ್ಯು ಸತ್ತ ಮೇಲೆ ಸುಭದ್ರೆ ಅಣ್ಣ ಕೃಷ್ಣನಿಗೆ ಕೇಳುವ ಮಾತು ಅದು.

"ಚಕ್ರವ್ಯೂಹದ ಕಥೆ ಕೇಳುತ್ತಾ ನಾನು ನಿದ್ದೆಹೋದೆನೆಂದು ಲೋಕವೆಲ್ಲ ನನ್ನನ್ನು ದೂರುತ್ತದೆ. ಹೇಳುವವನು ನೀನು, ತಂಗಿಯನ್ನು ತಟ್ಟಿ ಎಬ್ಬಿಸಲು ನಿನಗೆ ಕೈಯಿರಲಿಲ್ಲವೇ ಅಣ್ಣಾ?"

ಅಲ್ಲಿಗೆ ನಿಲ್ಲಿಸಿದಳು. "ಮುಂದ್ಕೆ ನಂಗೆ ಬರಕ್ಕಿಲ್ಲ ಮೇಷ್ಟ್ರೇ. ನೀವು ಬರುದ್ರೆ ಆಡ್ತೀನಿ, ಇಲ್ದಿದ್ರೆ ಹಳೇ ನಾಟ್ಕದಂಗೆ ಸುಮ್ಕೆ ಅಳ್ತೀನಿ."

ಮೇಷ್ಟ್ರು ಎದ್ದು ಟವೆಲು ಹೆಗಲಿಗೆ ಹಾಕಿಕೊಂಡರು. ಆಮೇಲೆ ಚಪ್ಪಲಿ ಹುಡುಕಿದರು.

ಗ್ರಂಥಾಲಯದಲ್ಲಿ ನಾಗಾರ್ಜುನ ಸ್ಟೂಲಿನ ಮೇಲೆ ಕೂತ. ಮೇಷ್ಟ್ರು ಮೌಸು ಹಿಡಿದರು. ಬಾಣದ ಗುರುತು ಪರದೆಯ ಮೇಲೆ ದಿಕ್ಕುಗೆಟ್ಟ ನೊಣದ ಹಾಗೆ ಓಡಾಡಿತು. ಒತ್ತಿದರು, ಏನೂ ಆಗಲಿಲ್ಲ. ಮತ್ತೆ ಒತ್ತಿದರು, ಚಿತ್ರ ಜರುಗಿ ಇನ್ನೆಲ್ಲೋ ಕೂತಿತು. ಅವರ ಹಣೆಯಲ್ಲಿ ಬೆವರು ಮೂಡಿತು. ನಾಗಾರ್ಜುನನ ಕೈ ತಾನಾಗಿ ಮುಂದೆ ಬಂತು.

"ಕೈ ಹಾಕ್ಬೇಡಿ," ಎಂದಳು ಪ್ರಮೀಳಾ. "ನೋಡಿ."

ಅವನು ಕೈ ಹಿಂದೆಳೆದುಕೊಂಡ. ಮೇಷ್ಟ್ರು ಇನ್ನೊಮ್ಮೆ ಯತ್ನಿಸಿದರು, ಮತ್ತೊಮ್ಮೆ ಯತ್ನಿಸಿದರು. ನೋಡುವುದು ಇಷ್ಟು ಕಷ್ಟದ ಕೆಲಸವೆಂದು ನಾಗಾರ್ಜುನ ಅಂದುಕೊಂಡಿರಲಿಲ್ಲವೇನೋ. ಮುಖ ಪಕ್ಕಕ್ಕೆ ತಿರುಗಿಸಿದ. ಕೊನೆಗೆ, "ಸಾಕು ಯಜಮಾನ್ರೇ. ಸ್ವಲ್ಪ ಜಾಗ ಕೊಡಿ," ಎಂದ. ದನಿ ಸಣ್ಣಗಾಗಿತ್ತು.

ಒಂದೇ ಸಲ ಒತ್ತಿದರೆ ತೆರೆಯುವ ಹಾಗೆ ಮಾಡಿದ. ಅಕ್ಷರಗಳು ದೊಡ್ಡವಾದವು, ಕಿಟಕಿಗಳ ಅಂಚು ಬೆರಳಿನಷ್ಟು ದಪ್ಪವಾಯಿತು. ಯಂತ್ರ ಎದ್ದ ಕೂಡಲೇ ಕನ್ನಡ ಬರುವ ಹಾಗಾಯಿತು. ಪಾಸ್‌ವರ್ಡು ಹೋಯಿತು, ಪರದೆ ಕಪ್ಪಾಗುವುದೂ ನಿಂತಿತು. ಬರೆದದ್ದು ತಾನಾಗಿ ಉಳಿಯುವಂತೆ ಮಾಡಿ, ಮುಚ್ಚಿ, ತೆರೆದು ತೋರಿಸಿದ. ಚಹಾ ತರಿಸಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಇಷ್ಟೇನಾ?" ಎಂದಳು ಪ್ರಮೀಳಾ. ಸಿಟ್ಟು ಇಳಿಯುತ್ತದೆ ಅಂದುಕೊಂಡಿದ್ದಳು, ಅದು ಇನ್ನೂ ಏರಿತು. "ಒಂದು ಲೋಟ ಚಹಾದಷ್ಟು ಕೆಲ್ಸ. ಇದಕ್ಕೆ ಅವರ ವಾರದ ಬರಹ ಹೋಯ್ತು."

ನಾಗಾರ್ಜುನ ಲೋಟ ಪಕ್ಕಕ್ಕೆ ಸರಿಸಿದ. ಆಮೇಲೆ, "ಇದನ್ನೇ ನಕಲು ಮಾಡಿ ಎಲ್ಲ ಊರಿಗೂ ಹಾಕ್ತೀನಿ. ಈ ಲಿನಕ್ಸು ಮಾಡೋರಿಗೂ ಬರೆದು ಕೇಳ್ತೀನಿ, ಬರುವಾಗ್ಲೇ ಹಿಂಗೆ ಬರ್ಲಿ ಅಂತ. ಅವರು ಒಪ್ತಾರೋ ಇಲ್ವೋ," ಎಂದ. ಮೇಷ್ಟ್ರ ಕಡೆ ತಿರುಗಿದ.

"ಅಳ್ಸೋಗಿದ್ದು ಬರಕ್ಕಿಲ್ಲ ಕಣಪ್ಪ," ಎಂದರು ಮೇಷ್ಟ್ರು. "ಅಂಗೇ ಬರೆಯೋಕೂ ಆಗಕ್ಕಿಲ್ಲ. ಈಗ ಬರೋದು ಬ್ಯಾರೆ."

ಅವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ನಡುಗುವ ಬೆರಳನ್ನು ಎಡಗೈಯಲ್ಲಿ ಹಿಡಿದು, ಒಂದು ಅಕ್ಷರ ಒತ್ತಿದರು. ನಾಗಾರ್ಜುನ ಹೆಲ್ಮೆಟ್ಟು ಕೈಗೆತ್ತಿಕೊಂಡವನು ಬಾಗಿಲಿಗೆ ಹೋಗದೆ ಅಲ್ಲೇ ನಿಂತ. ಹೊರಗೆ ನಾಗಮಂಗಲದ ಬಸ್ಸು ಹಾರನ್ ಹೊಡೆದು, ಕಾಯ್ದು, ಹೊರಟಿತು. ಕೋಣೆಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ನಡುವೆ ಅಷ್ಟು ದೀರ್ಘ ಮೌನವಿತ್ತು. ಆ ಮೌನದುದ್ದಕ್ಕೂ ಪರದೆ ಬೆಳಗುತ್ತಲೇ ಇತ್ತು.