ಮೊದಲ ನೀರು ಬೀದಿಗೆ

ಅತ್ತೆಯ ಮಾತು ನಂಬಿ ಈ ಸಲ ನಾವು ತೊಟ್ಟಿ ಬರಿದು ಮಾಡಿಕೊಂಡು ಕೂತೆವು.

ನಮ್ಮ ದ್ವೀಪದಲ್ಲಿ ಎಲ್ಲರ ಮನೆಯ ಕೆಳಗೂ ಒಂದು ತೊಟ್ಟಿ ಇದೆ. ಚಳಿಗಾಲದ ಮಳೆ ತಾರಸಿಯ ಮೇಲೆ ಬಿದ್ದು, ಗೋಡೆಯೊಳಗಿನ ಕೊಳವೆ ಹಿಡಿದು ಇಳಿದು ಅದರಲ್ಲಿ ತುಂಬಿಕೊಂಡರೆ, ಮುಂದಿನ ಮಳೆಯವರೆಗೂ ಕುಡಿಯಲು ಅದೇ, ಅಡುಗೆಗೂ ಅದೇ. ಕೆಲವು ವರ್ಷಕ್ಕೊಮ್ಮೆ ತೊಟ್ಟಿ ತೊಳೆಯಬೇಕು. ಬೇಸಿಗೆ ಮುಗಿದು, ತಳದಲ್ಲಿ ಮೊಣಕಾಲುದ್ದ ನೀರು ಉಳಿದಿರುವಾಗ, ಇನ್ನೇನು ಮಳೆ ಬಂತು ಎನ್ನುವಾಗ ತೊಳೆಯಬೇಕು. ಆ ‘ಇನ್ನೇನು’ ಯಾವಾಗ ಎಂದು ಹೇಳುವವರು ನಮ್ಮ ಓಣಿಯಲ್ಲಿ ಒಬ್ಬರೇ, ನಮ್ಮತ್ತೆ ಜಂಬೆತಾ.

ಆಗಸ್ಟಿನ ಮೊದಲ ದಿನಗಳಲ್ಲಿ ಅವರು ಬೆಳಗಾಗುವ ಮುಂಚೆಯೇ ತಾರಸಿ ಹತ್ತಿ ಆಕಾಶ ನೋಡುತ್ತಾರೆ. ಒಂದೊಂದು ದಿನದ ಆಕಾಶ ಮುಂದಿನ ಒಂದೊಂದು ತಿಂಗಳಿಗೆ ಲೆಕ್ಕ. ಆಮೇಲೆ ಗುಡ್ಡದಲ್ಲಿ ಕಾಡೀರುಳ್ಳಿ ಹೂ ಬಿಟ್ಟಾಗ ಹೋಗಿ ಅದರ ಕಾಂಡ ಹಿಸುಕಿ ನೋಡುತ್ತಾರೆ. ದಿನಾ ಉಪ್ಪಿನ ಮಡಕೆಗೆ ಬೆರಳಿಟ್ಟು ಪಸೆ ಹಿಡಿದಿದೆಯೇ ನೋಡುತ್ತಾರೆ. ಈ ಸಲ ಎಲ್ಲವನ್ನೂ ನೋಡಿ, ಸೆರಗಿನಂತಿದ್ದ ತಲೆವಸ್ತ್ರ ಬಿಗಿದುಕೊಂಡು ಹೇಳಿದರು.

“ಶಿಲುಬೆ ಹಬ್ಬ ಕಳೆದು ವಾರಕ್ಕೆ ಮಳೆ. ತೊಟ್ಟಿ ತೊಳೀರಿ.”

ಅವರ ಮಾತಿಗೆ ಎದುರಾಡಿದವರು ಯಾರಿದ್ದಾರೆ? ನನ್ನ ಗಂಡ ನಿಕೀತಾಸ್ ದೋಣಿ ಕಟ್ಟಿಹಾಕಿ ಬಂದು, ಏಣಿ ಇಳಿಸಿ, ಒಳಗೆ ಹೋಗಿ ಗೋಡೆ ಉಜ್ಜಿದ. ಉಳಿದ ನೀರನ್ನು ಅಂಜೂರದ ಗಿಡಕ್ಕೂ ಕತ್ತೆಗೂ ಹಂಚಿದೆವು. ಮೂಲೆಯ ಬಿರುಕಿಗೆ ಗಾರೆ ಮೆತ್ತಿ, ಇಡೀ ತೊಟ್ಟಿಗೆ ಸುಣ್ಣ ಬಳಿದದ್ದಾಯಿತು. ಮಕ್ಕಳು, ದೊಡ್ಡವಳು ಎವ್ದೊಕಿಯಾ, ಚಿಕ್ಕವನು ಪಾಂತೆಲಿ, ಇಬ್ಬರೂ ತೊಟ್ಟಿಯ ಬಾಯಿಗೆ ಬಗ್ಗಿ ತಮ್ಮ ಹೆಸರು ತಾವೇ ಕೂಗಿ, ಅದು ತಿರುಗಿ ಬರುವುದನ್ನು ಕೇಳಿ ಖುಷಿಪಟ್ಟರು.

ಸೆಪ್ಟೆಂಬರಿನ ಶಿಲುಬೆ ಹಬ್ಬ ಕಳೆಯಿತು. ಅದರ ಮುಂದಿನ ವಾರವೂ ಕಳೆಯಿತು. ದ್ರಾಕ್ಷಿ ತುಳಿದದ್ದು, ರಸ ಪೀಪಾಯಿ ಸೇರಿದ್ದು ಎಲ್ಲ ಮುಗಿಯಿತು. ಆಕಾಶ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ ಒಂದು ಕಲೆಯೂ ಇಲ್ಲದೆ ಇತ್ತು.

ಬಂದರಿನ ಟ್ಯಾಂಕಿಗೆ ಹಡಗಿನಲ್ಲಿ ತಂದು ತುಂಬುವ ನೀರು ಉಪ್ಪುಪ್ಪು. ಬಟ್ಟೆಗೆ, ನೆಲಕ್ಕೆ ಆಗುತ್ತದೆ, ಬಾಯಿಗೆ ಆಗುವುದಿಲ್ಲ. ಹಾಗಾಗಿ ನಾನು ದಿನಾ ಬೆಳಿಗ್ಗೆ ಬಕೆಟ್ ಹಿಡಿದು ಎದುರುಮನೆ ಕಲಿರೋಯಿ ಚಿಕ್ಕಮ್ಮನ ಬಾಗಿಲು ತಟ್ಟತೊಡಗಿದೆ. ಅವರು ಈ ಸಲ ತೊಟ್ಟಿ ತೊಳೆದಿರಲಿಲ್ಲ. ಅವರೂ ನಮ್ಮತ್ತೆಯೂ ಒಂದೇ ವಯಸ್ಸಿನವರು, ಹುಡುಗಿಯರಾಗಿದ್ದಾಗಿನಿಂದ ಜಗಳವಾಡಿಕೊಂಡು ಬಂದವರು.

“ಬಾ ತಾಯಿ, ಬಾ. ನಿಮ್ಮತ್ತೆ ಮಳೆ ಎಲ್ಲೀವರೆಗೆ ಬಂತಂತೆ?”

“ದಾರೀಲಿದೆ ಚಿಕ್ಕಮ್ಮ.”

“ಕುಂಟ್ಕೊಂಡು ಬರ್ತಿರ್ಬೇಕು, ಪಾಪ. ಅವಳಂಗೇ ಅದಕ್ಕೂ ಮಂಡಿನೋವು.”

ಮಾತು ಎಷ್ಟು ಒರಟೋ ಬಕೆಟ್ ಅಷ್ಟೇ ತುಂಬಿರುತ್ತಿತ್ತು. ಓಣಿ ದಾಟುವಾಗ ಚೆಲ್ಲದ ಹಾಗೆ ಮೇಲೆ ಒಂದು ಬಳ್ಳಿಯೆಲೆ ತೇಲಿಬಿಟ್ಟು ಕೊಡುತ್ತಿದ್ದರು.

ನನಗೆ ಬಕೆಟ್ ಹೊರುವುದು ಕಷ್ಟವಾಗಲಿಲ್ಲ. ತರಕಾರಿ ತೊಳೆದ ನೀರಿನಲ್ಲಿ ಪಾತ್ರೆ, ಪಾತ್ರೆ ತೊಳೆದ ನೀರು ಬಾಗಿಲ ಬಳಿ ಕುಂಡದಲ್ಲಿರುವ ತುಳಸಿಯಂಥ ಗಿಡಕ್ಕೆ. ಹೀಗೆ ಒಂದೇ ನೀರನ್ನು ಮನೆಯೆಲ್ಲ ಸುತ್ತಿಸುವುದು ನಮಗೆ ಹುಟ್ಟಿನಿಂದ ರೂಢಿ. ನೋಡಲಾಗದೆ ಇದ್ದದ್ದು ಅತ್ತೆಯ ಮುಖ. ಸಂಜೆ ಓಣಿಯ ಕಲ್ಲುಬೆಂಚಿನ ಮೇಲೆ ಕೂತು ಎಲ್ಲರಿಗೂ ಮಳೆ ಬಿಸಿಲು ಹೇಳುತ್ತಿದ್ದವರು ಈಗ ಹೊಸ್ತಿಲು ದಾಟುತ್ತಿರಲಿಲ್ಲ. ಯಾರಾದರೂ ಬಂದರೆ ಮೇಕೆಗೆ ಹುಲ್ಲು ಹಾಕುವ ನೆಪದಲ್ಲಿ ಹಿತ್ತಲಿಗೆ ಹೋಗಿಬಿಡುತ್ತಿದ್ದರು.

ಒಂದು ಮಧ್ಯಾಹ್ನ ಊಟದ ಮೇಜು ಒರೆಸುವಾಗ ಗಮನಿಸಿದೆ. ಅವರ ಲೋಟದಲ್ಲಿ ನೀರು ಹಾಕಿದ ಹಾಗೇ ಇತ್ತು. ಹಿಂದಿನ ದಿನವೂ ಹಾಗೇ ಇತ್ತೆಂದು ಆಗ ನೆನಪಾಯಿತು. ನಮ್ಮ ಬಾರ್ಲಿ ರೊಟ್ಟಿ ಎರಡು ಸಲ ಬೇಯಿಸಿ ಒಣಗಿಸಿದ್ದು, ನೀರಲ್ಲಿ ನೆನೆಸದೆ ತಿಂದರೆ ಕಲ್ಲು ಕಡಿದಂತೆ. ಅವರು ಅದನ್ನೂ ಒಣದಾಗಿಯೇ ಕಡಿಯುತ್ತಿದ್ದರು.

“ಅತ್ತೆ, ನೀರು ಯಾಕೆ ಕುಡೀತಿಲ್ಲ?”

“ಬಾಯಾರಿಕೆ ಇಲ್ಲ ಕಣೇ.”

“ರೊಟ್ಟಿ ನೆನೆಸ್ಕೊಡ್ತೀನಿ, ಕೊಡಿ ಇಲ್ಲಿ.”

“ಬೇಡ. ಇರೋ ನಾಲ್ಕು ಹಲ್ಲಿಗೆ ಕೆಲಸ ಬೇಡ್ವಾ?”

“ಕಲಿರೋಯಿ ಚಿಕ್ಕಮ್ಮನ ನೀರು ಅಂತಾನಾ?”

ಅವರು ಕಿಟಕಿಯ ಕಡೆ ತಿರುಗಿದರು. “ಆ ನೀರು ಗಂಟಲಲ್ಲಿ ಇಳಿಯಲ್ಲ, ಅರ್ಗಿರೊ. ಮಕ್ಕಳು ಕುಡೀಲಿ. ನಾನು ಮಾಡಿದ್ದಕ್ಕೆ ನೀನು ದಿನಾ ಅವಳ ಬಾಯಿಗೆ ಸಿಗ್ತಿದೀಯ.”

ಅಂದಿನಿಂದ ಸೊಪ್ಪು ಬೇಯಿಸಿದ ನೀರಿಗೆ ನಿಂಬೆ ಹಿಂಡಿ, “ಇದು ಸಾರು, ನೀರಲ್ಲ” ಎಂದು ಅವರ ಮುಂದಿಡುತ್ತಿದ್ದೆ. ಮಗುವಿಗೆ ಔಷಧಿ ಕುಡಿಸಿದ ಹಾಗೆ ಎದುರಿಗೇ ನಿಂತು ಕುಡಿಸುತ್ತಿದ್ದೆ. ಮಳೆ ಬರಲಿ ಎಂದು ನಾನು ಬೇಡಿಕೊಳ್ಳತೊಡಗಿದ್ದು ತೊಟ್ಟಿಗಾಗಿ ಎನ್ನುವುದಕ್ಕಿಂತ ಈ ಮುದುಕಿಯ ಗಂಟಲಿಗಾಗಿ.

ನಮ್ಮ ತಾರಸಿಯ ಮೂಲೆಯಲ್ಲಿ ಎರಡು ತೂತುಗಳಿವೆ. ಒಂದು ಬೀದಿಗೆ, ಇನ್ನೊಂದು ತೊಟ್ಟಿಗೆ. ಹಳೆಯ ಗೋಣಿಬಟ್ಟೆಯ ಉಂಡೆ ಮಾತ್ರ ಒಂದೇ. ಬೇಸಿಗೆಯಿಡೀ ಅದು ತೊಟ್ಟಿಯ ತೂತಿನಲ್ಲಿರುತ್ತದೆ. ಮೊದಲ ಮಳೆ ತಾರಸಿಯ ಕೊಳೆಯನ್ನೆಲ್ಲ ತೊಳೆದು ಬೀದಿಗೆ ಹೋದ ಮೇಲೆ, ಉಂಡೆ ಕಿತ್ತು ಬೀದಿಯ ತೂತಿಗೆ ತುರುಕಿದರೆ ನೀರು ಮನೆಗೆ ತಿರುಗುತ್ತದೆ. ನಾನು ಸೊಸೆಯಾಗಿ ಬಂದ ವರ್ಷ ಅತ್ತೆ ನನ್ನನ್ನು ಮೇಲೆ ಕರೆದೊಯ್ದು, ಮಳೆಯಲ್ಲಿ ತೊಯ್ಯುತ್ತಾ ನಿಲ್ಲಿಸಿ ಹೇಳಿಕೊಟ್ಟಿದ್ದರು: “ಮೊದಲ ನೀರು ಬೀದಿಗೆ. ಎಷ್ಟೇ ಆಸೆಯಾದ್ರೂ ಬೀದಿಗೆ.”

ಮೊದಲ ಮಳೆ ಬಂದದ್ದು ಅಕ್ಟೋಬರ್ ಕೊನೆಗೆ ಬರುವ ಸಂತ ದಿಮಿತ್ರಿಯ ಹಬ್ಬಕ್ಕೆ ಮುಂಚೆ, ಒಂದು ಮಧ್ಯಾಹ್ನ. ಒಲೆಯ ಮೇಲೆ ಚನ್ನಂಗಿ ಬೇಳೆ ಇತ್ತು. ಹೊರಗೆ ಮಕ್ಕಳ ಕೂಗು ಕೇಳಿತು. ಸೌಟು ಹಿಡಿದುಕೊಂಡೇ ಓಡಿ ತಾರಸಿ ಹತ್ತಿದೆ. ದಪ್ಪ ದಪ್ಪ ಹನಿ. ಓಣಿಯಲ್ಲಿ ಜನ ಮುಖ ಮೇಲೆತ್ತಿ ನಿಂತಿದ್ದರು. ನಾನು ಎಷ್ಟು ಗುಡಿಸಿದ್ದರೂ ಮೂಲೆಗೆ ಹರಿದು ಬಂದ ನೀರು ಕಾಫಿಯ ಬಣ್ಣಕ್ಕಿತ್ತು. ಒಣಹಾಕಿದ್ದ ಅಂಜೂರದ ಅಂಟು, ಪಾರಿವಾಳದ ಹಿಕ್ಕೆ, ತೆಂಕಣ ಗಾಳಿ ಹೊತ್ತು ತಂದ ಕೆಂಪು ಧೂಳು, ಎಲ್ಲ ಕಲಸಿಕೊಂಡು ಬೀದಿಯ ತೂತಿಗೆ ನುಗ್ಗುತ್ತಿತ್ತು.

ಕೆಳಗೆ ಅಂಗಳದಿಂದ ಅತ್ತೆ ಕೂಗಿದರು. “ತೆಗಿಯೇ ಅರ್ಗಿರೊ! ಉಂಡೆ ತೆಗಿ! ಒಳಗೆ ಬಿಡು!”

“ಅತ್ತೆ, ಇದು ಮೊದಲ ನೀರು!”

“ಗೊತ್ತು ನಂಗೆ! ನೀರು ನೀರೇ! ನಾಳೆ ಅವಳ ಬಾಗಿಲಿಗೆ ಹೋಗೋದು ತಪ್ಪಿದ್ರೆ ಸಾಕು!”

“ಸುಣ್ಣ ಬಳಿದ ತೊಟ್ಟಿಗೆ ಹಿಕ್ಕೆ ಸುರೀಲಾ? ಮಕ್ಕಳು ಕುಡಿಯೋದು ಅತ್ತೆ!”

“ಸೋಸ್ಕೊಂಡು ಕುಡಿಯೋಣ! ನಂಗೇ ಬುದ್ಧಿ ಹೇಳ್ತೀಯಾ?”

“ನಿಮ್ಮ ಬುದ್ಧೀನೇ ನಿಮಗೆ ಹೇಳ್ತಿರೋದು!”

ಅವರು ಮೆಟ್ಟಿಲಿಗೆ ಕಾಲಿಟ್ಟರು. ನಾನು ಉಂಡೆಯ ಮೇಲೆ ಅಂಗಾಲಿಟ್ಟು ನಿಂತೆ. ಬಾಗಿದ ಬೆನ್ನು, ಒದ್ದೆಯಾದ ತಲೆವಸ್ತ್ರ ಕಂಡು ಒಂದು ಗಳಿಗೆ ಕಾಲು ಸಡಿಲವಾಯಿತು. ತೆಗೆದುಬಿಡಲೇ ಅನಿಸಿತು. ಅಷ್ಟರಲ್ಲಿ ಹನಿ ವಿರಳವಾಯಿತು. ಇನ್ನೂ ವಿರಳವಾಯಿತು. ನಿಂತೇಹೋಯಿತು.

ಮೆಟ್ಟಿಲ ಅರ್ಧದಲ್ಲಿ ಅತ್ತೆ, ಮೇಲೆ ಸೌಟು ಹಿಡಿದ ನಾನು. ತಾರಸಿ ಬೆಳ್ಳಗೆ ತೊಳೆದುಕೊಂಡು ಹೊಳೆಯುತ್ತಿತ್ತು. ತೊಟ್ಟಿಗೆ ಒಂದು ತೊಟ್ಟೂ ಹೋಗಿರಲಿಲ್ಲ. ಕೆಳಗಿನಿಂದ ಬೇಳೆ ತಳ ಹಿಡಿದ ವಾಸನೆ ಬಂತು.

ಆ ದಿನ ಊಟಕ್ಕೆ ಕೂತಾಗ ಪಾಂತೆಲಿ ಕೇಳಿದ. “ಅಜ್ಜಿ, ನಿನ್ನ ಮಳೆ ಬಂತಲ್ವಾ?”

“ಅದು ಮಳೆಯಲ್ಲ ಮಗಾ,” ಎಂದರು ಅತ್ತೆ, ತಟ್ಟೆ ನೋಡುತ್ತಾ. “ದೇವರು ಕೈ ತೊಳ್ಕೊಂಡ, ಅಷ್ಟೇ.”

ನಿಕೀತಾಸ್ ನಕ್ಕ. ಅತ್ತೆ ನಗಲಿಲ್ಲ. ನಾನು ತಳ ಹಿಡಿದ ಪಾತ್ರೆಯನ್ನು ಬೂದಿಯಲ್ಲಿ ಉಜ್ಜುತ್ತಾ ಯೋಚಿಸಿದೆ. ಇನ್ನೊಂದು ಮಳೆ ಬರದೇ ಹೋದರೆ, ಇವತ್ತಿನ ಆ ಕಾಫಿ ನೀರನ್ನು ಬೀದಿಗೆ ಬಿಟ್ಟವಳು ನಾನೇ. ಆದರೂ ಉಂಡೆ ಕೀಳಲು ಕೈ ಒಪ್ಪಿರಲಿಲ್ಲ.

ಮರುದಿನ ಕಲಿರೋಯಿ ಚಿಕ್ಕಮ್ಮ ಹಂಗಿಸಲಿಲ್ಲ.

“ಒಳಗೆ ಬಿಟ್ಯಾ?” ಎಂದರು.

“ಇಲ್ಲ ಚಿಕ್ಕಮ್ಮ.”

ಅವರು ಬಕೆಟ್ ತುಂಬಿ ಕೊಟ್ಟು, ತಮ್ಮದೇ ಒಂದು ಕೊಡವನ್ನೂ ತುಂಬಿ ಪಕ್ಕಕ್ಕಿಟ್ಟರು. “ಒಳ್ಳೇದು ಮಾಡ್ದೆ. ಮತ್ತೆ ನೋಡು, ಅವಳಿಗೆ ಹೇಳು, ಬೆಂಚಿಗೆ ಬರ್ಬೇಕಂತೆ ಅಂತ. ಇಡೀ ಸಂಜೆ ನಾನೊಬ್ಬಳೇ ಕೂತು ಯಾರನ್ನ ಬೈಲಿ? ಬೆಕ್ಕನ್ನ ಬೈದು ಬೈದು ಅದೂ ಮನೆ ಬಿಟ್ಟು ಹೋಗಿದೆ.”

ನಾನು ಹೇಳಿದೆ. ಅತ್ತೆ ಬೆಂಚಿಗೆ ಹೋಗಲಿಲ್ಲ. ಬೆಕ್ಕಿನ ಮಾತಿಗೆ ಮಾತ್ರ ತುಟಿ ಸ್ವಲ್ಪ ಅಲುಗಿತು.

ದಿಮಿತ್ರಿಯ ಹಬ್ಬಕ್ಕೆ ಹೊಸ ದ್ರಾಕ್ಷಾರಸದ ಪೀಪಾಯಿ ತೆರೆದೆವು. ಆಮೇಲೆ ಗಾಳಿ ತಿರುಗಿತು. ಸಮುದ್ರ ಸೀಸದ ಬಣ್ಣಕ್ಕೆ ಬಂತು, ಒಗೆದ ಬಟ್ಟೆ ಒಣಗದಾಯಿತು, ಮೇಕೆ ಗೋಡೆಗೆ ಒತ್ತಿಕೊಂಡು ನಿಂತಿತು. ಎವ್ದೊಕಿಯಾ ಕೇಳಿದಳು. “ಅಜ್ಜಿ, ಮಳೆ ಬರುತ್ತಾ?”

“ನನ್ನ ಕೇಳ್ಬೇಡ. ರೇಡಿಯೋ ಕೇಳು. ಅದು ಓದಿರೋದು.”

ರೇಡಿಯೋ ಬಿರುಗಾಳಿ ಎಂದಿತು. ಪಿರೇಯಸ್ ಬಂದರಿನಿಂದ ಹಡಗು ಹೊರಡುವುದಿಲ್ಲ ಎಂದಿತು. ನಿಕೀತಾಸ್ ದೋಣಿಯನ್ನು ದಡಕ್ಕೆಳೆದು ಕಟ್ಟಿ ಬಂದ. ನಾನು ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಯಾರೂ ನೋಡುತ್ತಿಲ್ಲವೆಂದುಕೊಂಡು ಅತ್ತೆ ಉಪ್ಪಿನ ಮಡಕೆಯೊಳಗೆ ಬೆರಳಿಟ್ಟರು. ಆ ಬೆರಳನ್ನು ಹೆಬ್ಬೆರಳಿಗೆ ಉಜ್ಜಿ ಉಜ್ಜಿ ನೋಡಿದರು. ನಾನು ಜರಡಿಯಿಂದ ತಲೆ ಎತ್ತಲಿಲ್ಲ.

ಮಾರನೆಯ ದಿನ ಊಟ ಮುಗಿಯುವ ಹೊತ್ತಿಗೆ ನೈರುತ್ಯದಿಂದ ಗುಡುಗು ಕೇಳಿತು. ಕೈ ಒರೆಸಿಕೊಂಡು ನಾನು ಮೆಟ್ಟಿಲ ಬಳಿ ಬರುವಷ್ಟರಲ್ಲಿ ಅತ್ತೆ ನಿಕೀತಾಸನ ಹಳೆಯ ಮಳೆಕೋಟು ತೊಟ್ಟು, ಕೋಲೂರಿ, ಅರ್ಧ ಹತ್ತಿಬಿಟ್ಟಿದ್ದರು. ನಾನು ಹಿಂದಿನಿಂದ ಅವರ ಸೊಂಟಕ್ಕೆ ಕೈಕೊಟ್ಟೆ.

ಮಳೆ ಹನಿಹನಿಯಾಗಿ ಬರಲಿಲ್ಲ, ಒಮ್ಮೆಗೇ ಸುರಿಯಿತು. ನಾವಿಬ್ಬರೂ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತೆವು. ಅತ್ತೆಯ ಕೈ ಉಂಡೆಯ ಮೇಲಿತ್ತು. ಅವರು ನನ್ನ ಮುಖ ನೋಡಿದರು.

“ತೆಗೀಲಾ?”

ಇಷ್ಟು ವರ್ಷದಲ್ಲಿ ಅವರು ನನ್ನನ್ನು ಹೀಗೆ ಕೇಳಿದ್ದು ಅದೇ ಮೊದಲು.

“ನಂಗೇನು ಗೊತ್ತು ಅತ್ತೆ? ನಾಲಿಗೆ ನಿಮ್ಮದು. ರುಚಿ ನೋಡಿ ಹೇಳಿ.”

ಅವರು ಬೊಗಸೆಯಲ್ಲಿ ನೀರು ಹಿಡಿದು ಬಾಯಿಗೆ ಹಾಕಿ, ಮುಕ್ಕಳಿಸಿ ಉಗುಳಿದರು. “ಪಾರಿವಾಳ ಇನ್ನೂ ಇದೆ.”

ಕಾದೆವು. ನನ್ನ ಬೆನ್ನ ಮೇಲೆ ನೀರು ಹರಿದು ರವಿಕೆಯೊಳಗೆ ಇಳಿಯಿತು. ಅವರು ಇನ್ನೊಂದು ಬೊಗಸೆ ಹಿಡಿದರು. ಈ ಸಲ ಉಗುಳಲಿಲ್ಲ, ನುಂಗಿದರು. ಮತ್ತೊಂದು ಬೊಗಸೆ ಹಿಡಿದು ಅದನ್ನೂ ಕುಡಿದರು. ಇನ್ನೊಂದನ್ನೂ. ಗಂಟಲು ಮೇಲೆ ಕೆಳಗೆ ಆಗುವುದನ್ನು ನಾನು ನೋಡುತ್ತಾ ಕೂತೆ.

“ಈಗ,” ಎಂದು ಉಂಡೆ ಕಿತ್ತು ಬೀದಿಯ ತೂತಿಗೆ ತುರುಕಿ, ಮೇಲೊಂದು ಗುದ್ದು ಕೊಟ್ಟರು.

ಎದುರಿನ ತಾರಸಿಯಲ್ಲಿ ಕಲಿರೋಯಿ ಚಿಕ್ಕಮ್ಮ, ಅಡಿಮೇಲಾದ ಛತ್ರಿ ಹಿಡಿದು ತಮ್ಮ ಉಂಡೆಯೊಂದಿಗೆ ಗುದ್ದಾಡುತ್ತಿದ್ದರು.

“ಏ ಜಂಬೆತಾ!” ಎಂದು ಕೂಗಿದರು. “ಶಿಲುಬೆ ಹಬ್ಬ ಇವತ್ತೇನೇ?”

“ಹೂಂ ಕಣೇ! ನಿನಗೆ ಯಾರೂ ಹೇಳ್ಲಿಲ್ವಾ?”

“ಮುದಿಗೂಬೆ! ಕೆಳಗಿಳಿ, ಹಾರಿಹೋಗ್ತೀಯ!”

“ನೀನಿಳಿ ಮೊದಲು! ಛತ್ರಿ ಹಿಡ್ಕೊಂಡು ಯಾವ ದ್ವೀಪಕ್ಕೆ ಹೊರಟೆ?”

ನಾನು ಅತ್ತೆಯನ್ನು ಹಿಡಿದು ಇಳಿಸಿದೆ. ಅಡುಗೆಮನೆಯಲ್ಲಿ ಮಕ್ಕಳಿಬ್ಬರೂ ನೆಲದ ಮೇಲೆ ಮಲಗಿ ತೊಟ್ಟಿಯ ಮುಚ್ಚಳಕ್ಕೆ ಕಿವಿಯಿಟ್ಟಿದ್ದರು. ಖಾಲಿ ತೊಟ್ಟಿಗೆ ಬೀಳುವ ನೀರಿನ ಸದ್ದೇ ಬೇರೆ. ಅರ್ಧ ತುಂಬಿದ ತೊಟ್ಟಿಯವರಿಗೆ ಅದು ಕೇಳಿ ಗೊತ್ತಿಲ್ಲ. ಇಡೀ ನೆಲ ನಡುಗಿದ ಹಾಗೆ, ಒಳಗೆ ಯಾರೋ ಡೋಲು ಬಡಿದ ಹಾಗೆ ಕೇಳುತ್ತಿತ್ತು. ನಿಕೀತಾಸ್ ಕೂಡ ಬಲೆ ಹೆಣೆಯುವುದನ್ನು ಬಿಟ್ಟು ಬಂದು ಮಕ್ಕಳ ಪಕ್ಕ ಮಲಗಿದ. ಅತ್ತೆ ಒಲೆಯ ಮುಂದೆ ಕೂತು ಕೂದಲು ಒಣಗಿಸಿಕೊಂಡರು.

“ಅಜ್ಜಿ, ಜೇನು ಹಾಕಿ ಹಿಟ್ಟಿನ ಉಂಡೆ ಕರಿದುಕೊಡ್ತೀನಿ ಅಂದಿದ್ದೆ, ಹೊಸ ನೀರು ಬಂದಾಗ,” ಎಂದಳು ಎವ್ದೊಕಿಯಾ.

“ಅಂದಿದ್ದೆ. ಮಾಡೋಣ.”

ಮಳೆ ನಿಲ್ಲದೆ ಹೊಡೆಯಿತು. ಹಡಗು ಬರಲಿಲ್ಲ, ಯಾರಿಗೂ ಎಲ್ಲಿಗೂ ಹೋಗುವ ಕೆಲಸವಿರಲಿಲ್ಲ. ನಾನು ಬಟ್ಟೆ ಹೊಲಿದೆ, ಬೀನ್ಸ್ ಬೇಯಿಸಿದೆ, ಗಾಳಿ ಬಾಗಿಲು ತಳ್ಳಿದಾಗಲೆಲ್ಲ ಎದ್ದು ಚಿಲಕ ನೋಡಿದೆ. ಗಂಡ ಮನೆಯಲ್ಲಿ, ಮಕ್ಕಳು ಮನೆಯಲ್ಲಿ, ನೀರು ಮನೆಯಲ್ಲಿ. ಮೂರನೆಯ ದಿನ ಮೋಡ ಹರಿದಾಗ ನಿಕೀತಾಸ್ ತೊಟ್ಟಿಗೆ ಗಳ ಇಳಿಸಿ ನೋಡಿ, “ಎದೆಮಟ್ಟ” ಎಂದ.

ಎವ್ದೊಕಿಯಾ ಆಗಲೇ ಕೊಡ ತಂದು ನಿಂತಿದ್ದಳು. ಅತ್ತೆ ಮುಚ್ಚಳ ಎಳೆದು ಮುಚ್ಚಿದರು.

“ಈಗ್ಲೇ ಮುಟ್ಟಬಾರ್ದು. ಸುಣ್ಣ ಇಳೀಬೇಕು, ಮಣ್ಣು ಕೂರ್ಬೇಕು. ನೀರು ನಾಲ್ಕು ದಿನ ಮಲಗಲಿ.”

“ಹಾಗಾದ್ರೆ ಹಿಟ್ಟಿನ ಉಂಡೆ?” ಪಾಂತೆಲಿಯ ಗಲ್ಲ ನಡುಗತೊಡಗಿತು.

ಮನೆಯಲ್ಲಿ ಎದೆಮಟ್ಟ ನೀರು, ಕಲಸಲು ಒಂದು ಲೋಟ ನೀರಿಲ್ಲ. ನಾನು ನಗು ತಡೆದುಕೊಂಡು ಬಾಗಿಲ ಹಿಂದಿನ ಬಕೆಟ್ಟಿಗೆ ಕೈಹಾಕಿದೆ. ಅತ್ತೆ ನನ್ನ ಕೈಯಿಂದ ಅದನ್ನು ತೆಗೆದುಕೊಂಡರು.

“ನೀನು ಹಿಟ್ಟು ಅಳಿ,” ಎಂದರು. ಒಣಗಿದ ತಲೆವಸ್ತ್ರ ಕಟ್ಟಿಕೊಂಡು, ಇನ್ನೊಂದು ಕೈಯಲ್ಲಿ ಕೋಲು ಹಿಡಿದು ಹೊಸ್ತಿಲು ದಾಟಿದರು. ಓಣಿಯ ಕಲ್ಲುಗಳೆಲ್ಲ ತೊಳೆದುಕೊಂಡು ಬೆಳ್ಳಗಿದ್ದವು.

ಎದುರುಮನೆ ಬಾಗಿಲು ತೆರೆದ ಸದ್ದು. ಕಲಿರೋಯಿ ಚಿಕ್ಕಮ್ಮನ ದನಿ. “ಅಯ್ಯೋ ದೇವರೇ! ತೊಟ್ಟಿ ತುಂಬಿದ ಮೇಲೂ ಬಕೆಟ್ ಹಿಡ್ಕೊಂಡು ಬಂದಿದಾಳೆ ನೋಡಿ!”

“ಸುಮ್ನೆ ತುಂಬೇ. ಮಕ್ಕಳಿಗೆ ಹಿಟ್ಟು ಕಲಸ್ಬೇಕು. ಮುಂದಿನ ಮಳೆ ಯಾವಾಗ ಅಂತ ಬೇಕಿದ್ರೆ ಹೇಳ್ತೀನಿ.”

“ಬೇಡಮ್ಮ ಬೇಡ! ನೀನು ಹೇಳಿದ್ರೆ ಅದು ಹೆದರಿ ಓಡಿಹೋಗುತ್ತೆ!”

ನಾನು ಹಿಟ್ಟು ಅಳೆದೆ, ಎಣ್ಣೆ ಬಾಣಲೆ ಒರೆಸಿಟ್ಟೆ, ಜೇನಿನ ಜಾಡಿ ಇಳಿಸಿದೆ. ಮಕ್ಕಳು ಕಿಟಕಿಗೆ ಮೂಗೊತ್ತಿ ನಿಂತಿದ್ದರು. ಹೊರಗೆ ಕಲ್ಲುಬೆಂಚಿನ ಮೇಲೆ ಇಬ್ಬರು ಮುದುಕಿಯರು ಬೈದಾಡಿಕೊಂಡು ಕೂತಿದ್ದರು, ನಡುವೆ ತುಂಬಿದ ಬಕೆಟ್, ಅದರ ಮೇಲೊಂದು ಬಳ್ಳಿಯೆಲೆ. ಅದು ನಮ್ಮ ಮನೆ ತಲುಪಲು ಬಹಳ ಹೊತ್ತಾಯಿತು.