ಹಿತ್ತಲಲ್ಲಿ ಸುಟ್ಟ ವೈರು

ದರ್ಜಿಯಮ್ಮನಿಗೆ ಹೇಳಿ ಹೇಳಿ ಸಾಕಾಗಿತ್ತು. ಗಂಡ ಎಲೆಕ್ಟ್ರಿಷಿಯನ್. ಕೆಲಸದಿಂದ ಬರುವಾಗ ಹಳೇ ವೈರಿನ ಸುರುಳಿ ಹೊತ್ತು ತರೋದು, ಹಿತ್ತಲಲ್ಲಿ ಬೆಂಕಿ ಹಚ್ಚೋದು, ಒಳಗಿನ ತಾಮ್ರ ಹೆಕ್ಕೋದು. ಕಪ್ಪು ಹೊಗೆ ಕಿಟಕಿಯಿಂದ ನುಗ್ಗಿ, ಹೊಲಿದಿಟ್ಟ ಬಟ್ಟೆಗೆಲ್ಲ ಕಮಟು ವಾಸನೆ. ಗಿರಾಕಿಗಳು ಮೂಗು ಮುರಿಯುತ್ತಿದ್ದರು.

"ರೀ, ಎಷ್ಟು ಸಲ ಬಡ್ಕೊಳ್ಳಲಿ? ಸುಡಬೇಡಿ!"

"ಒಂದು ಗಳಿಗೆ ಹೊಗೆ ಕಣೇ. ಗಾಳಿ ಬಂದ್ರೆ ಹೋಗುತ್ತೆ."

"ಎಲ್ಲಿಗೆ ಹೋಗುತ್ತೆ? ನಮ್ಮ ಮೂಗಿಗೇ!"

ಅವರ ಜೊತೆಗೇ ಇದ್ದ ಅವನ ವಯಸ್ಸಾದ ಅಮ್ಮನನ್ನು ನೋಡಲು ಒಂದು ದಿನ ಅವನ ತಂಗಿ ಬಂದಳು. ಅವಳು ಪ್ಲಾಸ್ಟಿಕ್ ಮರುಬಳಕೆ ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುವವಳು. ಹಿತ್ತಲಿನ ಬೂದಿ ಕಂಡವಳೇ ಸಿಡುಕಿದಳು.

"ಅಣ್ಣಾ, ವೈರಿನ ಮೇಲಿರೋದು ಪಿವಿಸಿ ಅನ್ನೋ ಪ್ಲಾಸ್ಟಿಕ್. ಅದರಲ್ಲಿ ಕ್ಲೋರಿನ್ ಇದೆ. ಸುಟ್ರೆ ಆಮ್ಲದ ಹೊಗೆ ಬಂದು ಎದೆ ಉರಿಯುತ್ತೆ. ಡಯಾಕ್ಸಿನ್ ಅನ್ನೋ ವಿಷಾನೂ ಹುಟ್ಟುತ್ತೆ."

"ಓಹೋ! ನಿಮ್ಮ ಕಾರ್ಖಾನೇಲೂ ಕಾಯಿಸ್ತೀರಲ್ಲ. ನಿಮ್ಮ ಬೆಂಕಿ ತಣ್ಣಗಿರುತ್ತಾ?"

"ಕಾಯಿಸ್ತೀವಿ. ಮುಚ್ಚಿದ ಕುಲುಮೇಲಿ, ಲೋಹದ ಆಕ್ಸೈಡ್ ಪುಡಿ ಬೆರೆಸಿ ಕಾಯಿಸ್ತೀವಿ. ಕಬ್ಬಿಣದ ತುಕ್ಕು ನೋಡಿದ್ದೀಯಲ್ಲ, ಆ ಜಾತಿ ಪುಡಿ. ಕ್ಲೋರಿನ್ ಹೊಗೆಯಾಗಿ ಓಡೋ ಮೊದಲೇ ಪುಡಿ ಅದನ್ನ ಹಿಡ್ಕೊಳ್ಳುತ್ತೆ. ಎರಡೂ ಸೇರಿ ಉಪ್ಪಿನಂಥ ವಸ್ತು ಆಗುತ್ತೆ. ಅದನ್ನ ಬೇರೆ ತೆಗೀತೀವಿ."

"ಅಷ್ಟೇ ತಾನೇ? ಹಳೇ ಗೇಟಿನ ತುಕ್ಕು ಕೆರೆದು ನಾನೂ ಹಾಕ್ತೀನಿ ಬಿಡು."

ತಂಗಿ ಹಣೆ ಚಚ್ಚಿಕೊಂಡಳು. "ಅಯ್ಯೋ! ಶಾಖ ಅಳೀಬೇಕು, ಹೊರಬರೋ ಅನಿಲಾನ ನೀರಲ್ಲಿ ಹಾಯಿಸಿ ತೊಳೀಬೇಕು. ಅದು ಹಿತ್ತಲಲ್ಲಿ ಆಗೋ ಕೆಲಸಾನಾ?"

"ಅತ್ತಿಗೆ ನಾದಿನಿ ಸೇರ್ಕೊಂಡು ನನ್ನ ತಲೆ ತಿನ್ಬೇಡಿ," ಎಂದು ಅವನು ಹಿತ್ತಲಿಗೆ ಹೋಗಿ ಕಡ್ಡಿ ಗೀರಿಯೇಬಿಟ್ಟ.

ಗಾಳಿ ಮನೆಯತ್ತ ತಿರುಗಿತು. ಒಳಕೋಣೆಯಲ್ಲಿ ಮಲಗಿದ್ದ ಅಮ್ಮನಿಗೆ ಕೆಮ್ಮು ಹತ್ತಿತು. ಕೆಮ್ಮು ನಿಲ್ಲಲಿಲ್ಲ, ಉಸಿರು ಸಿಗಲಿಲ್ಲ. ಹೆಂಗಸರಿಬ್ಬರೂ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಅವನೂ ಹಿಂದೆಯೇ ಓಡಿದ. ಆಮ್ಲಜನಕ ಕೊಡುತ್ತಾ ಡಾಕ್ಟರು ಕೇಳಿದರು, "ಮನೇಲಿ ಏನಾದ್ರೂ ಸುಟ್ರಾ?" ಅವನು ಮಸಿ ಹತ್ತಿದ ಕೈಗಳನ್ನು ಬೆನ್ನ ಹಿಂದೆ ಸರಿಸಿದ.

ಅಮ್ಮ ಉಳಿದಳು. ಆದರೆ ಆಸ್ಪತ್ರೆ ಬಾಗಿಲಲ್ಲಿ ಮಗಳ ಕೈ ಹಿಡಿದು, "ನಾನು ಇವಳ ಜೊತೆ ಹೋಗ್ತೀನಪ್ಪ. ನಿನ್ನ ಮನೇಲಿ ಉಸಿರಾಡೋಕೆ ಭಯ," ಎಂದಳು.

ಅವನ ಕಣ್ಣು ತುಂಬಿತು. "ಇನ್ನು ಸುಡಲ್ಲಮ್ಮ. ನಿನ್ನಾಣೆ."

ಮರುದಿನ ಅವನು ಚಾಕು ಹಿಡಿದು ಕೂತು, ವೈರಿನ ಸಿಪ್ಪೆ ಸುಲಿದು ಚೀಲಕ್ಕೆ ತುಂಬಿದ. ಚೀಲ ತಂಗಿಯ ಕಾರ್ಖಾನೆಗೆ ಹೋಯಿತು. ಅಮ್ಮ ಮಗನ ಮನೆಗೇ ವಾಪಸ್ ಬಂದಳು.

"ಇಷ್ಟು ಸುಲಭದ ಕೆಲಸಕ್ಕೆ ಆಸ್ಪತ್ರೆ ನೋಡ್ಬೇಕಾಯ್ತಾ?" ಎಂದು ದರ್ಜಿಯಮ್ಮ ಇನ್ನೂ ಗೊಣಗುತ್ತಲೇ ಇದ್ದಾಳೆ.

ಅವಳ ಗೊಣಗಾಟ ನಿಮಗೂ ಕೇಳಿಸಲಿ. ಒಡೆದ ಪೈಪು, ಹಳೇ ವೈರಿನ ಸಿಪ್ಪೆ ನಿಮ್ಮ ಹಿತ್ತಲಲ್ಲೂ ಬಿದ್ದಿರಬಹುದು. ಬೆಂಕಿ ಇಡಬೇಡಿ. ಬೇರೆ ಪ್ಲಾಸ್ಟಿಕ್ ಜೊತೆ ಬೆರೆಸಬೇಡಿ. ಪ್ರತ್ಯೇಕ ಚೀಲದಲ್ಲಿಟ್ಟು, ಪಿವಿಸಿ ಎಂದು ಹೇಳಿ, ಮರುಬಳಕೆಗೆ ಕೊಡಿ. ಮನೆಯವರ ಉಸಿರು ಕಟ್ಟುವವರೆಗೆ ಕಾಯಬೇಡಿ.